ಬರ ಪರಿಹಾರದ ದುಡ್ಡು ಖಾತೆಗೆ ಬರಬೇಕಾ? ಬಿತ್ತನೆಗೆ ಮುಂಚೆಯೇ ಈ ಕೆಲಸ ಮುಗಿಸಿ

2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಪಾವಗಡದ ಕಡೆ ನಮ್ಮ ಚಿಕ್ಕಮ್ಮನ ಎರಡೂವರೆ ಎಕರೆ ಕಡಲೆಕಾಯಿ ಹೂ ಬಿಡೋ ಹೊತ್ತಿಗೇ ಬಾಡಿಹೋಯಿತು. ಪಕ್ಕದ ಹೊಲದವರಿಗೆ ಪರಿಹಾರ ಬಂತು, ಚಿಕ್ಕಮ್ಮನಿಗೆ ಬರಲಿಲ್ಲ. ಮೂರು ತಿಂಗಳು ಓಡಾಡಿದ ಮೇಲೆ ಗೊತ್ತಾಯಿತು, ದುಡ್ಡು ಬಂದಿತ್ತು, ಆದರೆ ಆಕೆ ಯಾವಾಗಲೋ ಸಂಘದ ಸಾಲಕ್ಕೆ ಅಂತ ತೆರೆದು ಮರೆತೇಬಿಟ್ಟಿದ್ದ ಇನ್ನೊಂದು ಬ್ಯಾಂಕಿನ ಖಾತೆಗೆ. ಆ ಪಾಸ್‌ಬುಕ್ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ಅಷ್ಟು ಹೊತ್ತಿಗೆ ಬಿತ್ತನೆ ಬೀಜಕ್ಕೆ ಕಿವಿಯೋಲೆ ಅಡವಿಟ್ಟಾಗಿತ್ತು.

ಹಾಗಾಗಿ ಮೊದಲು ಬ್ಯಾಂಕಿನಿಂದಲೇ ಶುರು ಮಾಡೋಣ. ಪರಿಹಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ. ನಿಮ್ಮ ಹತ್ತಿರ ನಾಲ್ಕು ಖಾತೆ ಇರಬಹುದು, ಆದರೆ ಸರ್ಕಾರದ ಹಣಕ್ಕೆ ಒಂದು ಹೊತ್ತಿಗೆ ಒಂದೇ ಖಾತೆ ಜೋಡಣೆಯಾಗಿರುತ್ತದೆ, ಹೆಚ್ಚಾಗಿ ನೀವು ಕೊನೆಯಲ್ಲಿ ಆಧಾರ್ ಕೊಟ್ಟು ಒಪ್ಪಿಗೆ ಹಾಕಿದ ಬ್ಯಾಂಕಿನದು. ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅಂತ ಇದೆ, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ಮನೆಯ ಮಕ್ಕಳ ಕೈಲಿ ಇವತ್ತೇ ನೋಡಿಸಿ, ಐದು ನಿಮಿಷದ ಕೆಲಸ.

ಎರಡನೆಯದು ಪಹಣಿ. ಜಮೀನು ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದ್ದರೆ, ಉಳುವವರು ನೀವೇ ಆದರೂ ಪರಿಹಾರದ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಮರಣ ಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಅರ್ಜಿ ಹಾಕಿ. ಅಣ್ಣತಮ್ಮಂದಿರ ನಡುವೆ ಮಾತುಕತೆ ನಿಂತುಹೋದ ಮನೆಗಳಲ್ಲಿ ಇದು ಕಷ್ಟ ಅಂತ ನನಗೂ ಗೊತ್ತು, ಆದರೆ ಮುಂದೂಡಿದಷ್ಟೂ ಎಲ್ಲರಿಗೂ ನಷ್ಟವೇ ಅಲ್ವಾ?

ಆಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತರ ನೋಂದಣಿಯಲ್ಲಿ ನಿಮಗೆ ಸಿಗುವ ಗುರುತಿನ ಸಂಖ್ಯೆ. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಹಣಿ, ಪಾಸ್‌ಬುಕ್ ತಗೊಂಡು ಹೋಗಿ ಮಾಡಿಸಿ. ಈಗಾಗಲೇ ಐಡಿ ಇದೆ ಅಂತ ಸುಮ್ನೆ ಇರಬೇಡಿ. ನಿಮ್ಮ ಎಲ್ಲಾ ಸರ್ವೆ ನಂಬರೂ ಅದರಲ್ಲಿ ಸೇರಿದೆಯಾ ನೋಡಿ. ಮೂರು ಕಡೆ ಜಮೀನಿದ್ದು ಒಂದೇ ಕಡೆಯದು ಸೇರಿದ್ದರೆ, ಲೆಕ್ಕ ಆ ಒಂದಕ್ಕೇ ನಿಲ್ಲುತ್ತದೆ.

ಬೆಳೆ ಎದ್ದ ಮೇಲೆ ಬೆಳೆ ಸಮೀಕ್ಷೆ ನಡೆಯುತ್ತದೆ. ಆ್ಯಪ್‌ನಲ್ಲಿ ನೀವೇ ಫೋಟೊ ಹಾಕಬಹುದು, ಇಲ್ಲದಿದ್ದರೆ ಊರಿಗೆ ನೇಮಿಸಿದ ಹುಡುಗರು ಬಂದು ಹಾಕುತ್ತಾರೆ. ನಿಮ್ಮ ಹೊಲಕ್ಕೆ ಏನು ಬರೆದಿದ್ದಾರೆ ಅಂತ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ. ರಾಗಿ ಇರುವ ಹೊಲಕ್ಕೆ ಬೀಳು ಅಂತ ಬಿದ್ದಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ವಿಮೆಯಲ್ಲಿ ತೊಗರಿ, ಸಮೀಕ್ಷೆಯಲ್ಲಿ ಜೋಳ ಅಂತ ಇದ್ದರೆ ವಿಮೆಯೇ ತಿರಸ್ಕಾರವಾಗುತ್ತದೆ, ಹೀಗೆ ಕಳೆದುಕೊಂಡವರು ಪ್ರತಿ ಊರಲ್ಲೂ ಸಿಗುತ್ತಾರೆ.

ಈಗ ವಿಮೆಗೆ ಬರೋಣ, ಜಾಸ್ತಿ ಗೊಂದಲ ಇರುವುದು ಇಲ್ಲೇ. 2016ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆ ಇದೆ. ಮುಂಗಾರಿನ ಧಾನ್ಯ, ಎಣ್ಣೆಕಾಳಿಗೆ ವಿಮಾ ಮೊತ್ತದ 2%, ಹಿಂಗಾರಿಗೆ 1.5%, ವಾಣಿಜ್ಯ ಮತ್ತು ತೋಟದ ಬೆಳೆಗೆ 5% ರೈತರು ಕಟ್ಟಬೇಕು, ಉಳಿದಿದ್ದು ಸರ್ಕಾರಗಳದ್ದು. ಎಕರೆಗೆ ವಿಮಾ ಮೊತ್ತ 20,000 ಅಂತ ಇಟ್ಟುಕೊಂಡರೆ ಮುಂಗಾರಿನಲ್ಲಿ ನಿಮ್ಮ ಪಾಲು 400 ರೂಪಾಯಿ. ಕೊನೆ ದಿನಾಂಕ ಬೆಳೆಬೆಳೆಗೂ ಬೇರೆ, ಮಳೆ ನೋಡಿಕೊಂಡು ಕಟ್ಟೋಣ ಅಂತ ಕಾದರೆ ದಿನಾಂಕ ದಾಟಿಹೋಗುತ್ತದೆ. ಬೆಳೆ ಸಾಲ ಇದ್ದರೆ ಬ್ಯಾಂಕಿನವರೇ ಕಡಿತ ಮಾಡುತ್ತಾರೆ, ಆದರೆ ಯಾವ ಬೆಳೆ ಹೆಸರಿನಲ್ಲಿ ಅಂತ ಕೇಳಿ ರಸೀದಿ ತಗೊಳ್ಳಿ. 2020ರಿಂದ ಸಾಲಗಾರರಿಗೂ ಇದು ಕಡ್ಡಾಯವಲ್ಲ. ಹಾಗಿದ್ದರೂ ಮಳೆಯನ್ನೇ ನಂಬಿದವರು ಬಿಡಬೇಡಿ ಅಂತಲೇ ನಾನು ಹೇಳುತ್ತೇನೆ.

ಹಣ ಹೇಗೆ ಲೆಕ್ಕ ಹಾಕುತ್ತಾರೆ? ಬರದಲ್ಲಿ ನಿಮ್ಮೊಬ್ಬರ ಹೊಲ ಒಣಗಿದ್ದು ಲೆಕ್ಕಕ್ಕಿಲ್ಲ, ಮುಖ್ಯ ಬೆಳೆಗೆ ಇಡೀ ಗ್ರಾಮ ಪಂಚಾಯ್ತಿಯ ಇಳುವರಿ ನೋಡುತ್ತಾರೆ. ಹಿಂದಿನ 7 ವರ್ಷದಲ್ಲಿ ಚೆನ್ನಾಗಿ ಬಂದ 5 ವರ್ಷದ ಸರಾಸರಿ ಎಕರೆಗೆ 10 ಕ್ವಿಂಟಲ್ ಅಂದುಕೊಳ್ಳಿ. ಅದರ 80% ಖಾತರಿ ಅಂದರೆ 8 ಕ್ವಿಂಟಲ್. ಈ ಸಲ ಬಂದಿದ್ದು 4 ಆದರೆ ಅರ್ಧ ನಷ್ಟ, ವಿಮಾ ಮೊತ್ತದ ಅರ್ಧ ನಿಮಗೆ. ಈ ಇಳುವರಿ ಗೊತ್ತಾಗುವುದು ಬೆಳೆ ಕಟಾವು ಪ್ರಯೋಗದಿಂದ. ಆರಿಸಿದ ಹೊಲದಲ್ಲಿ ಹಗ್ಗ ಹಿಡಿದು, ರಾಗಿಯಂಥ ಬೆಳೆಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡು ಗುರುತು ಮಾಡಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಆ ತಕ್ಕಡಿ ಮೇಲೆ ಇಡೀ ಪಂಚಾಯ್ತಿಯ ದುಡ್ಡು ನಿಂತಿದೆ. ಯಾವತ್ತು, ಯಾರ ಹೊಲದಲ್ಲಿ ಅಂತ ಮೊದಲೇ ವಿಚಾರಿಸಿ ನಾಲ್ಕು ಜನ ಹೋಗಿ ನಿಲ್ಲಿ, ಹೆಂಗಸರೂ ಹೋಗಿ.

ಮಳೆಯೇ ಇಲ್ಲದೆ ಊರಿನ ಮುಕ್ಕಾಲು ಭಾಗ ಬಿತ್ತನೆಯಾಗದೇ ಉಳಿದರೆ ವಿಮಾ ಮೊತ್ತದ 25% ಕೊಟ್ಟು ಆ ಹಂಗಾಮಿನ ವಿಮೆ ಮುಗಿಸುತ್ತಾರೆ. ಬೆಳೆ ನಡುವೆಯೇ ಇಳುವರಿ ಅರ್ಧಕ್ಕಿಂತ ಕಡಿಮೆ ಬರುವ ಸೂಚನೆ ಕಂಡರೆ ಮಧ್ಯಂತರ ಹಣಕ್ಕೆ ಅವಕಾಶವಿದೆ. ಅರ್ಜಿ ಎಲ್ಲಿಗೆ ಬಂತು ಅಂತ ‘ಸಂರಕ್ಷಣೆ’ ಪೋರ್ಟಲಿನಲ್ಲಿ ನೋಡಬಹುದು, ದೂರಿಗೆ 14447.

ಸರ್ಕಾರದ ಬರ ಪರಿಹಾರ ಇದಕ್ಕಿಂತ ಬೇರೆ, ವಿಮೆ ಮಾಡಿಸದವರಿಗೂ ಸಿಗುತ್ತದೆ. 2023ರ ಬರದ ಹೊತ್ತಿಗೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಅದೂ 2 ಹೆಕ್ಟೇರ್ ಮಿತಿಯಲ್ಲಿ, ಬೆಳೆ 33% ಅಥವಾ ಅದಕ್ಕಿಂತ ಜಾಸ್ತಿ ಹೋಗಿದ್ದರೆ ಮಾತ್ರ. ಎಕರೆ ಲೆಕ್ಕದಲ್ಲಿ ಮಳೆಯಾಶ್ರಿತಕ್ಕೆ ಸುಮಾರು 3,400. ಬೀಜ, ಗೊಬ್ಬರ, ಉಳುಮೆಯ ಖರ್ಚಿಗೆ ಇದು ಸಾಲುವುದಿಲ್ಲ. ಅದಕ್ಕೇ ವಿಮೆಯನ್ನೂ ಬಿಡಬೇಡಿ ಅಂದಿದ್ದು.

ಜಮೀನೇ ಇಲ್ಲದವರಿಗೆ ಮೇಲಿನ ಯಾವುದೂ ಇಲ್ಲ, ಬರದಲ್ಲಿ ಮೊದಲು ಗುಳೆ ಹೋಗುವವರೂ ಅವರೇ. ಪಂಚಾಯ್ತಿಯಲ್ಲಿ ಕೂಲಿ ಕೆಲಸ ಬಾಯಿಮಾತಲ್ಲಿ ಕೇಳಿದರೆ ಕೇಳಿದ ದಾಖಲೆ ಉಳಿಯುವುದಿಲ್ಲ. ಬರೆದು ಕೊಡಿ, ದಿನಾಂಕ ಹಾಕಿದ ರಸೀದಿ ಇಲ್ಲದೆ ಎದ್ದು ಬರಬೇಡಿ. ಬೆಂಗಳೂರಿಗೆ ಹೊರಟಿದ್ದರೆ ರೇಷನ್ ಕಾರ್ಡ್ ನಂಬರ್ ಬರೆದಿಟ್ಟುಕೊಳ್ಳಿ. ಬೆರಳಚ್ಚು ಕೊಟ್ಟು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ತಗೊಳ್ಳಬಹುದು, ಊರಿನಲ್ಲಿ ಉಳಿದ ಅಜ್ಜಿ ತಾತ ತಮ್ಮ ಪಾಲಿನದನ್ನು ಊರಿನಲ್ಲೇ ತಗೊಳ್ಳಬಹುದು.