ಮಟಮಟ ಮಧ್ಯಾಹ್ನದ ಹಕ್ಕಿಗಳು

ಹಕ್ಕಿ ನೋಡಬೇಕಾದರೆ ಬೆಳಗಿನ ಜಾವ ಏಳಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಆದರೆ ಬೆಳಿಗ್ಗೆ ನನಗೆ ಮನೆಕೆಲಸ, ಬಸ್ಸು, ಆಮೇಲೆ ಸೊಸೈಟಿಯ ಲೆಕ್ಕಪತ್ರ. ಸಿಗುವುದು ಊಟವಾದ ಮೇಲಿನ ಅರ್ಧ ಗಂಟೆ. ತೀರ್ಥಹಳ್ಳಿ ರಸ್ತೆಯಿಂದ ತೋಟದ ಅಂಚಿನಲ್ಲಿ ತುಂಗೆಯ ದಡಕ್ಕೆ ಇಳಿಯುವ ಒಂದೇ ದಾರಿಯಲ್ಲಿ ವರ್ಷಗಳಿಂದ ನಡೆಯುತ್ತಿದ್ದೇನೆ. ಈ ಹೊತ್ತಿನಲ್ಲಿ ಹಕ್ಕಿ ಕಾಣಬೇಕಾದರೆ ಮೊದಲು ಮರ ನೋಡಬೇಕು. ನಾನು ಮಾಡುವುದು ಇಷ್ಟೇ.

ಬಿಸಿಲೇರಿದ ಮೇಲೆ ಹಕ್ಕಿಗಳ ಹಾಡು ಕಡಿಮೆ. ನೆರಳು ಹಿಡಿದು ಕೂತುಬಿಡುತ್ತವೆ. ಸುಮ್ನೆ ಅಲೆದಾಡಿದರೆ ಏನೂ ಸಿಗುವುದಿಲ್ಲ. ಹೂವೋ ಹಣ್ಣೋ ಇರುವ ಮರ ಕಂಡರೆ, ಅದರಿಂದ ಸ್ವಲ್ಪ ದೂರ ನೆರಳಲ್ಲಿ ನಿಲ್ಲುತ್ತೇನೆ. ಅವೇ ಬರುತ್ತವೆ.

ಫೆಬ್ರುವರಿಯಲ್ಲಿ ಇದು ಬಹಳ ಸುಲಭ. ಬೂರುಗದ ಮರ ಎಲೆಯೆಲ್ಲ ಉದುರಿಸಿ ಬರೀ ಕೆಂಪು ಹೂವಾಗಿ ನಿಂತಿರುತ್ತದೆ. ಮರೆ ಅನ್ನುವುದೇ ಇಲ್ಲ. ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿ ಎಲ್ಲ ಒಂದೇ ಮರದಲ್ಲಿ. ಹಕ್ಕಿ ಗುರುತಿಸಲು ಕಲಿಯುವವರು ಬೂರುಗದಿಂದಲೇ ಶುರು ಮಾಡಬೇಕು ಅಂತ ನಾನು ಖಂಡಿತ ಹೇಳುತ್ತೇನೆ. ಆ ಹೊತ್ತಿಗೆ ಕುಟ್ರ ಹಕ್ಕಿಯ ಕೂಗೂ ಜೋರಾಗಿರುತ್ತದೆ. ಉಳಿದವು ಬಾಯಿ ಮುಚ್ಚಿದರೂ ಅದು ಮಧ್ಯಾಹ್ನವಿಡೀ ‘ಕುಟ್ರೂ ಕುಟ್ರೂ’ ಅನ್ನುತ್ತಲೇ ಇರುತ್ತದೆ.

ಬಸರಿ, ಅತ್ತಿ, ಆಲದ ಕಥೆ ಬೇರೆ. ಇವು ಎಲ್ಲಾ ಕಡೆ ಒಂದೇ ಸಲ ಹಣ್ಣಾಗುವುದಿಲ್ಲ. ಈ ಮರ ಇವತ್ತು, ಆ ಮರ ಇನ್ಯಾವತ್ತೋ. ಹಾಗಾಗಿ ಕೇಳಿ ತಿಳಿದುಕೊಳ್ಳಬೇಕು. ದಾರಿಯ ಮೇಲಿನ ತೋಟದ ಮನೆಯ ಅಮ್ಮ ಮೊದಮೊದಲು “ಈ ಬಿಸ್ಲಲ್ಲಿ ಎಂತ ಹುಡುಕ್ತೀರಿ ಮಾರಾಯ್ರೆ?” ಅಂತ ಕೇಳುತ್ತಿದ್ದರು. ಈಗ ಅವರೇ ಕರೆದು “ಗುಡ್ಡದ ಬದಿ ಬಸರಿ ಹಣ್ಣಾಗಿದೆ, ನೋಡಿ” ಅನ್ನುತ್ತಾರೆ. ಅಲ್ಲೇ ನಾನು ಬೂದು ಮಂಗಟ್ಟೆಗಳನ್ನು ಕಣ್ತುಂಬ ನೋಡಿದ್ದು. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಗಹಗಹಿಸಿ ನಕ್ಕ ಹಾಗೆ ಕೂಗುತ್ತದೆ. ಹಸಿರು ಪಾರಿವಾಳಗಳು ಮಾತ್ರ ಹಣ್ಣಿನ ಮಧ್ಯೆಯೇ ಇದ್ದರೂ, ಅಲ್ಲಾಡುವ ತನಕ ಕಾಣುವುದಿಲ್ಲ.

ಮಧ್ಯಾಹ್ನದ ಬೆಳಕು ಕಷ್ಟದ್ದು. ಶಿವಮೊಗ್ಗದ ಕಡೆ ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮೇಲಿನ ಕೊಂಬೆಯ ಹಕ್ಕಿ ಬರೀ ಕಪ್ಪಾಗಿ ಕಾಣುತ್ತದೆ, ಬಣ್ಣ ನಂಬುವ ಹಾಗಿಲ್ಲ. ಆಗ ಬಾಲದ ಉದ್ದ, ಕೊಕ್ಕು, ಕೂರುವ ರೀತಿ, ಹಾರುವ ರೀತಿ ನೋಡುತ್ತೇನೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಬೆಳಕು ಬೆನ್ನಿಗೆ, ಬಣ್ಣ ಚೆನ್ನಾಗಿ ಕಾಣುತ್ತದೆ.

ಬೆಳಗಿನವರಿಗೆ ಸಿಗದೆ ನಮಗೆ ಮಾತ್ರ ಸಿಗುವುದೂ ಇದೆ. ನೆಲ ಕಾದು ಬಿಸಿಗಾಳಿ ಮೇಲೇರಲು ಶುರುವಾದ ಮೇಲೇ ಹದ್ದುಗಳು ಆಕಾಶಕ್ಕೆ ಏರುವುದು. ರೆಕ್ಕೆ ಬಡಿಯದೆ ಆ ಗಾಳಿಯ ಮೇಲೇ ಸುತ್ತು ಹಾಕುತ್ತವೆ. ಸರ್ಪಹದ್ದು ಮೇಲಿಂದ ಸಿಳ್ಳೆ ಹಾಕುತ್ತದೆ. ರೆಕ್ಕೆಯ ಅಡಿಯಲ್ಲಿ ಅಗಲವಾದ ಬಿಳಿ ಪಟ್ಟೆ ಕಂಡರೆ ಅದೇ. ನಾನಂತೂ ನಿಮಿಷಕ್ಕೊಮ್ಮೆ ತಲೆ ಎತ್ತುತ್ತೇನೆ.

ಜೂನ್ ಬಂದರೆ ಕೊಡೆ, ಇಂಬಳ, ಕೆಸರು. ಆದರೂ ಬಿಡುವುದಿಲ್ಲ. ಮಳೆ ಹೊಳವಾದರೆ ಸಾಕು, ಹೊತ್ತು ಯಾವುದೇ ಇರಲಿ, ಅಷ್ಟು ಹೊತ್ತು ನೆನೆದು ಕೂತಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಹೊಟ್ಟೆಪಾಡಿಗೆ ಇಳಿಯುತ್ತವೆ. ಮಳೆಗಾಲದಲ್ಲಿ ಮಧ್ಯಾಹ್ನಕ್ಕೂ ಬೆಳಿಗ್ಗೆಗೂ ಅಂಥ ವ್ಯತ್ಯಾಸವೇ ಇಲ್ಲ.

ರಜೆ ಸಿಕ್ಕರೆ ಮಂಡಗದ್ದೆಗೆ ಹೋಗುತ್ತೇನೆ. ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್. ತುಂಗೆ ತುಂಬಿ ನಡುಗಡ್ಡೆಯ ಮರಗಳು ನೀರಲ್ಲಿ ನಿಂತಿರುತ್ತವೆ. ಅವುಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವುಹಕ್ಕಿಗಳ ಗೂಡು. ಸುತ್ತಲೂ ನೀರಿರುವುದರಿಂದ ಮೊಟ್ಟೆ ಮರಿಗೆ ಕಾವಲು ಜಾಸ್ತಿ. ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನವೇ ಅಲ್ಲಿಗೆ ಒಳ್ಳೆಯ ಹೊತ್ತು. ಮೀನಿಗೆ ಮುಳುಗಿ ಎದ್ದ ಹಾವುಹಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ದಡದಲ್ಲಿ ನಿಂತೇ ನೋಡಬಹುದು. ಚಪ್ಪಾಳೆ ತಟ್ಟಿ ಹಾರಿಸುವವರನ್ನು ಕಂಡರೆ ನನಗೆ ತುಂಬಾ ಬೇಜಾರಾಗುತ್ತದೆ. ತಾಯಿ ಎದ್ದ ಗೂಡಿನ ಮೇಲೆ ಕಾಗೆಯ ಕಣ್ಣಿರುತ್ತದೆ, ಅಲ್ವಾ?

ಮಳೆ ಹಿಂದಾದ ಮೇಲೆ ವಲಸೆ ಹಕ್ಕಿಗಳು. ಹೊಳೆದಂಡೆಯ ಕಲ್ಲಿನ ಮೇಲೆ ಬಾಲ ಕುಣಿಸುವ ಸಿಪಿಲೆ ಬಂದರೆ ನನ್ನ ಚಳಿಗಾಲದ ಪುಟ ಶುರು. ಅಡಿಕೆ ತೋಟದ ನೆರಳಲ್ಲಿ ತರಗೆಲೆ ಸರಿಸುವ ಸದ್ದು ಕೇಳಿದರೆ ಅಲ್ಲೇ ನಿಲ್ಲುತ್ತೇನೆ, ನವರಂಗ ಇರಬಹುದು.

ಪುಸ್ತಕದಲ್ಲಿ ಮೂರೇ ಕಲಂ. ಯಾವ ಮರ, ಮರದಲ್ಲಿ ಏನಿದೆ, ಯಾರು ಬಂದಿದ್ದರು. ಹೆಸರು ಗೊತ್ತಾಗದಿದ್ದರೆ ಬಾಲ, ಕೊಕ್ಕು ಬರೆದು ಮುಂದೆ ಹೋಗುತ್ತೇನೆ. ಹಳೆಯ ಪುಟ ತಿರುಗಿಸಿದರೆ ಈ ವಾರ ಯಾವ ಮರದ ಕೆಳಗೆ ನಿಲ್ಲಬೇಕು ಅನ್ನುವುದು ಅಲ್ಲೇ ಇರುತ್ತದೆ. ಬಸರಿಗೆ ಮಾತ್ರ ಆ ಅಮ್ಮನನ್ನೇ ಕೇಳಬೇಕು.