ಚರ್ಮದೊಳಗೆ ಡಿಎನ್ಎ ಲಸಿಕೆ: ವಿದ್ಯುತ್ ಮಿಡಿತ ಮಾಡುವ ಕೆಲಸವೇನು?

ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆಯ ಲಸಿಕೆ ಎಂದರೆ ಜನರಿಗೆ ಮೊದಲು ನೆನಪಾಗುವುದು ನೋವು. ದಶಕಗಳ ಕಾಲ ಬಳಕೆಯಲ್ಲಿದ್ದ ಆ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಂಡ ಮೇಲೂ ಬೂಸ್ಟರ್‌ಗಾಗಿ ಮತ್ತೆ ಮತ್ತೆ ತೋಳು ಒಡ್ಡಬೇಕಿತ್ತು. ನೋವಿಗೆ ಹೆದರಿ ಅನೇಕರು ಅರ್ಧಕ್ಕೇ ಬಿಟ್ಟರು. ಲಸಿಕೆಯೊಳಗೆ ಏನಿದೆ ಎಂಬುದರಷ್ಟೇ ಅದನ್ನು ದೇಹಕ್ಕೆ ಹೇಗೆ ತಲುಪಿಸುತ್ತೇವೆ ಎಂಬುದೂ ಮುಖ್ಯ ಎಂದು ನಾನು ನಂಬುವುದು ಇದೇ ಕಾರಣಕ್ಕೆ. ಮಂಗನ ಕಾಯಿಲೆಗೆ ಡಿಎನ್ಎ ಲಸಿಕೆ ಇಂದು ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಆದರೆ ಡಿಎನ್ಎ ಲಸಿಕೆಯನ್ನು ಚರ್ಮದ ಮೂಲಕ, ವಿದ್ಯುತ್ತಿನ ನೆರವಿನಿಂದ ಜೀವಕೋಶದೊಳಕ್ಕೆ ಕಳುಹಿಸುವ ವಿಧಾನ ಬೇರೆ ರೋಗಗಳ ವಿಷಯದಲ್ಲಿ ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ. ಅದು ನಡೆಯುವ ಕ್ರಮ ಹೀಗಿದೆ.

ಹಂತ 1: ಲಸಿಕೆಯ ತಯಾರಿ

ರೋಗಾಣುವಿನ ಒಂದು ಪ್ರೋಟೀನಿನ ವಂಶವಾಹಿಯನ್ನು ಮಾತ್ರ ಆರಿಸಿ, ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್ಎಗೆ ಸೇರಿಸುತ್ತಾರೆ. ಅದನ್ನು ಬ್ಯಾಕ್ಟೀರಿಯಾಗಳಲ್ಲಿ ಬೆಳೆಸಿ, ಶುದ್ಧೀಕರಿಸುತ್ತಾರೆ. ಇದರಲ್ಲಿ ವೈರಸ್ ಇರುವುದಿಲ್ಲ. ಹಾಗಾಗಿ ಲಸಿಕೆಯಿಂದಲೇ ಆ ರೋಗ ಬರುವ ಪ್ರಶ್ನೆಯಿಲ್ಲ.

ಹಂತ 2: ಚರ್ಮದೊಳಗೆ ಚುಚ್ಚುವುದು

ಸಾಮಾನ್ಯವಾಗಿ ತೋಳಿನ ಮೇಲ್ಭಾಗವನ್ನು ಆರಿಸಿಕೊಳ್ಳುತ್ತಾರೆ. ಗಾಯದ ಕಲೆ ಅಥವಾ ಹಚ್ಚೆ ಇರುವ ಜಾಗ ಬೇಡ. ಕೂಸಿಗೆ ಬಿಸಿಜಿ ಹಾಕುವ ದಾದಿಯರಿಗೆ ಈ ಕೈಚಳಕ ಹೊಸದಲ್ಲ: ಸಣ್ಣ ಸೂಜಿಯನ್ನು ಬಹುತೇಕ ಚರ್ಮಕ್ಕೆ ಒರಗಿಸಿದಂತೆ ಹಿಡಿದು, ಸುಮಾರು 0.1 ಮಿಲಿಲೀಟರ್ ದ್ರವವನ್ನು ಬಿಟ್ಟಾಗ ಅಲ್ಲಿ ಚಿಕ್ಕ ಗುಳ್ಳೆ ಏಳಬೇಕು. ಗುಳ್ಳೆ ಏಳದಿದ್ದರೆ ಲಸಿಕೆ ಚರ್ಮದ ಕೆಳಗೆ ಇಳಿದಿದೆ ಎಂದರ್ಥ. ಚರ್ಮವೇ ಏಕೆ? ಹೊರಗಿನಿಂದ ಬಂದದ್ದನ್ನು ಗುರುತಿಸಿ ರೋಗನಿರೋಧಕ ವ್ಯವಸ್ಥೆಗೆ ಸುದ್ದಿ ಮುಟ್ಟಿಸುವ ಕೋಶಗಳು ಇಲ್ಲಿ ದಟ್ಟವಾಗಿವೆ.

ಹಂತ 3: ವಿದ್ಯುತ್ ಮಿಡಿತ

ಇಡೀ ವಿಧಾನದ ಜೀವಾಳ ಇಲ್ಲಿದೆ. ಸುಮ್ಮನೆ ಚುಚ್ಚಿದ ಡಿಎನ್ಎಯಲ್ಲಿ ಬಹುಪಾಲು ಕೋಶಗಳ ಹೊರಗೇ ಉಳಿದು, ಕಿಣ್ವಗಳಿಗೆ ಸಿಕ್ಕಿ ಚೂರಾಗುತ್ತದೆ. ಇಲಿಗಳಲ್ಲಿ ಚೆನ್ನಾಗಿ ಫಲ ಕೊಟ್ಟ ಡಿಎನ್ಎ ಲಸಿಕೆಗಳು ಮನುಷ್ಯರಲ್ಲಿ ಸೊರಗಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಕೋಶದ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ಗುಳ್ಳೆಯ ಮೇಲೆ ಪುಟ್ಟ ಸೂಜಿಗಳಂಥ ವಿದ್ಯುದ್ವಾರಗಳನ್ನು ಊರಿ ಕ್ಷಣಮಾತ್ರ ವಿದ್ಯುತ್ ಹರಿಸಿದಾಗ ಆ ಪೊರೆಯಲ್ಲಿ ಅತಿ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಡಿಎನ್ಎಗೆ ಋಣ ವಿದ್ಯುದಂಶ ಇರುವುದರಿಂದ ಅದೇ ವಿದ್ಯುತ್ ಕ್ಷೇತ್ರ ಅದನ್ನು ಪೊರೆಯತ್ತ ತಳ್ಳುತ್ತದೆ. ಬಾಗಿಲು ತೆರೆಯುವುದೂ ಒಳಗೆ ತಳ್ಳುವುದೂ ಒಂದೇ ಶಕ್ತಿ! ಕೆಲವೇ ನಿಮಿಷಗಳಲ್ಲಿ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಮಿಡಿತ ಹೆಚ್ಚಾದರೆ ಕೋಶ ಸಾಯುತ್ತದೆ, ಕಡಿಮೆಯಾದರೆ ಪೊರೆ ತೆರೆಯುವುದಿಲ್ಲ. ಆದ್ದರಿಂದ ಅಳತೆಯೇ ಎಲ್ಲ. ಅಮೆರಿಕದ ಇನೋವಿಯೊ ಕಂಪನಿಯ ಉಪಕರಣ ಚರ್ಮಕ್ಕೆ 0.2 ಆಂಪಿಯರ್‌ನ, ತಲಾ 52 ಮಿಲಿಸೆಕೆಂಡಿನ ನಾಲ್ಕು ಮಿಡಿತಗಳನ್ನು ಕೊಡುತ್ತದೆ. ಹೀಗೆ ವಿದ್ಯುತ್ತಿನಿಂದ ಇಲಿಯ ಕೋಶಗಳಿಗೆ ವಂಶವಾಹಿ ಸೇರಿಸಬಹುದೆಂದು ಎಬರ್‌ಹಾರ್ಡ್ ನ್ಯೂಮನ್ ಮತ್ತು ಸಂಗಡಿಗರು ತೋರಿಸಿದ್ದು 1982ರಲ್ಲಿ.

ನೋವಾಗುತ್ತದೆಯೇ? ಚುರುಕ್ ಎನ್ನುತ್ತದೆ, ಕ್ಷಣಕಾಲ. ಮಾಂಸಖಂಡಕ್ಕೆ ಕೊಡುವ ಮಿಡಿತದಲ್ಲಿ ಸ್ನಾಯು ಬಲವಾಗಿ ಸೆಳೆಯುತ್ತದೆ. ಚರ್ಮಕ್ಕೆ ಕೊಡುವಾಗ ಆ ಸೆಳೆತ ಕಡಿಮೆ. ನಂತರ ಕೆಂಪಾಗುವುದು, ಊತ, ಪುಟ್ಟ ಹಕ್ಕಳೆ ಕಾಣಿಸಬಹುದು.

ಹಂತ 4: ಕೋಶದೊಳಗಿನ ಕೆಲಸ

ಡಿಎನ್ಎ ಕೋಶಕೇಂದ್ರವನ್ನು ತಲುಪಬೇಕು. ಅಲ್ಲಿಂದ ಹೊರಟ ಸಂದೇಶದಂತೆ ಕೋಶವೇ ರೋಗಾಣುವಿನ ಪ್ರೋಟೀನ್ ತಯಾರಿಸುತ್ತದೆ. ಅದನ್ನು ಕಂಡ ದೇಹ ರೋಗಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನೂ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನೂ ಸಜ್ಜುಗೊಳಿಸುತ್ತದೆ.

ವಿದ್ಯುತ್ ಇಲ್ಲದೆಯೂ ದಾರಿಯುಂಟು. ಅಹಮದಾಬಾದಿನ ಜೈಡಸ್ ಕ್ಯಾಡಿಲಾ ತಯಾರಿಸಿದ ಕೋವಿಡ್ ಲಸಿಕೆ ಜೈಕೋವ್-ಡಿಗೆ 2021ರ ಆಗಸ್ಟ್ 20ರಂದು ತುರ್ತು ಬಳಕೆಯ ಅನುಮತಿ ಸಿಕ್ಕಿತು. ಮನುಷ್ಯರಿಗೆಂದು ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್ಎ ಲಸಿಕೆ ಅದು. ಸೂಜಿಯೇ ಇಲ್ಲದ ಉಪಕರಣ ದ್ರವವನ್ನು ರಭಸದಿಂದ ಚರ್ಮದೊಳಕ್ಕೆ ಚಿಮ್ಮಿಸುತ್ತಿತ್ತು. ಡಿಎನ್ಎ ಲಸಿಕೆಗಳಿಗೆ ಅತಿಶೀತಲ ಪೆಟ್ಟಿಗೆ ಬೇಕಿಲ್ಲ, ಸಾಧಾರಣ ಫ್ರಿಜ್ ಸಾಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನ ಆರೋಗ್ಯ ಕೇಂದ್ರಗಳಿಗೆ ಇದು ಸಣ್ಣ ಮಾತಲ್ಲ.

ಪ್ರಯೋಗಕ್ಕೆ ಕರೆ ಬಂದರೆ

ಚಿಕ್ಕಮಗಳೂರಿನಲ್ಲಾಗಲಿ ಹಾಸನದಲ್ಲಾಗಲಿ ಇಂಥ ಪ್ರಯೋಗಕ್ಕೆ ಯಾರಾದರೂ ಕರೆದರೆ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ ಓದಿ. ನೈತಿಕ ಸಮಿತಿಯ ಅನುಮತಿ ಇದೆಯೇ, ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರ ಹೊಣೆ ಎಂದು ವಿಚಾರಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಚುಚ್ಚುವ ಜಾಗದ ಹತ್ತಿರ ಲೋಹದ ರಾಡ್ ಅಥವಾ ಪ್ಲೇಟ್ ಕೂರಿಸಿದ್ದರೆ ಮೊದಲೇ ಹೇಳಿ. ಅಂಥವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.