ಡಯಟ್ ಚಾರ್ಟ್ ಬಿಟ್ಟು ದಿನಸಿ ಚೀಟಿ ಹಿಡಿದೆ

ದಾವಣಗೆರೆಯಲ್ಲಿ ಡಯಟೀಷಿಯನ್ ಆಗಿ ಕೂತವರಿಗೆ ಚಾರ್ಟಿನ ಪಾಡು ಹೊಸದಲ್ಲ. ಎಂಟುನೂರು ರೂಪಾಯಿಗೆ ಒಂದು ಚಾರ್ಟ್ ಬರೆದುಕೊಡುತ್ತಿದ್ದೆ. ಹತ್ತು ಜನ ಒಯ್ದರೆ ಇಬ್ಬರು ಮತ್ತೆ ಬರುತ್ತಿದ್ದರು. ರೂಮಿನ ಬಾಡಿಗೆಯೇ ಒಂಬತ್ತು ಸಾವಿರದ ಹತ್ತಿರ. ಆ್ಯಪಿನಲ್ಲಿ ತಟ್ಟೆ ಫೋಟೊ ಕಳಿಸಿ ಅಂದರೆ ವಾರದೊಳಗೆ ಫೋಟೊ ನಿಂತವು. ಅಡುಗೆಮನೆಗೆ ಡಿಜಿಟಲ್ ತಕ್ಕಡಿ ಕೊಡಿಸಿ ನೋಡಿದೆ, ಅದು ಮಕ್ಕಳ ಆಟದ ಸಾಮಾನಾಯಿತು. ಆ ತಕ್ಕಡಿಗಳಿಗೆ ಹಾಕಿದ ದುಡ್ಡು ವಾಪಸ್ ಬರಲಿಲ್ಲ.

ಶುಗರ್ ಇರುವುದು ಯಜಮಾನರಿಗೆ, ಅಡುಗೆ ಮಾಡುವುದು ಅವರ ಹೆಂಡತಿಯೋ ತಾಯಿಯೋ. ಚಾರ್ಟ್ ಮಾತ್ರ ಯಜಮಾನರ ಜೇಬಿನಲ್ಲೇ ಉಳಿಯುತ್ತಿತ್ತು. ಹಾಗಾಗಿ ಚಾರ್ಟ್ ನಿಲ್ಲಿಸಿ, ಮನೆಯ ಕಳೆದ ತಿಂಗಳ ದಿನಸಿ ಚೀಟಿ ಕೇಳಲು ಶುರುಮಾಡಿದೆ. 'ಕೈಗೆ ಚಾರ್ಟ್ ಕೊಡದಿದ್ದರೆ ಯಾರೂ ಫೀಸ್ ಕೊಡಲ್ಲ' ಅಂತ ಜೊತೆಯವರೆಲ್ಲ ಹೇಳಿದರು. ಈಗ ಮನೆಗೆ ಇಷ್ಟು ಅಂತ ಮೂರು ತಿಂಗಳಿಗೆ ಆರು ಸಾವಿರ ತಗೊಳ್ಳುತ್ತೇನೆ. ಅರ್ಧ ಮೊದಲೇ, ಉಳಿದರ್ಧ ಮೂರನೇ ತಿಂಗಳ ಚೀಟಿ ಬದಲಾಗಿದ್ದರೆ ಮಾತ್ರ. ಆ ಉಳಿದರ್ಧ ಬರದೇ ಹೋದ ಮನೆಗಳು ತೀರಾ ಕಡಿಮೆ.

ಲೆಕ್ಕಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ತಟ್ಟೆಯನ್ನೇ, ಅಂದರೆ ಒಬ್ಬರ ಒಂದು ದಿನದ ಊಟದ ಅಳತೆಯನ್ನೇ ಇಟ್ಟುಕೊಂಡಿದ್ದೇನೆ. 2000 ಕ್ಯಾಲೊರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ 400, ಎಣ್ಣೆ 27ರಷ್ಟು. ಐದು ಜನ, ಮೂವತ್ತು ದಿನ ಅಂತ ಗುಣಿಸಿದರೆ ಬೇಳೆಕಾಳು ಹನ್ನೆರಡೂವರೆ ಕೆಜಿ ದಾಟುತ್ತದೆ, ಎಣ್ಣೆ ನಾಲ್ಕು ನಾಲ್ಕೂವರೆ ಲೀಟರಿಗೆ ನಿಲ್ಲುತ್ತದೆ. ನಮ್ಮ ಕಡೆ ಚೀಟಿಗಳಲ್ಲಿ ಕಾಣುವುದು ಬೇಳೆಕಾಳು ನಾಲ್ಕೈದು ಕೆಜಿ, ಎಣ್ಣೆ ಏಳೆಂಟು ಲೀಟರ್. ಚೀಟಿ ಎದುರಿಗಿಟ್ಟರೆ ವಾದವೇ ಇರಲ್ಲ. 'ನಾವು ಕಡಿಮೇನೇ ತಿನ್ನೋದು' ಅನ್ನುವವರೂ ತಮ್ಮ ಚೀಟಿಯನ್ನು ಸುಳ್ಳು ಅನ್ನಲಾರರು.

ಒಂದು ಮನೆಯಲ್ಲಿ ಅತ್ತೆಯವರಿಗೆ 'ದಿನಾ ಹಾಕೋ ಹಂಗೇ ಎಣ್ಣೆ ಹಾಕ್ರಿ ಅಮ್ಮಾ' ಅಂದೆ. ಹೀರೇಕಾಯಿ ಪಲ್ಯಕ್ಕೆ ಕ್ಯಾನಿನಿಂದಲೇ ಬಾಣಲೆಗೆ ಬಗ್ಗಿಸಿದರು. ಒಲೆ ಹಚ್ಚುವ ಮೊದಲು ಅದನ್ನು ಅಳತೆ ಲೋಟಕ್ಕೆ ಸುರಿದೆವು, ಅರವತ್ತು ಎಂಎಲ್ ಮೇಲಿತ್ತು. ಅವರು ಲೋಟವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, 'ಒಂದ್ ಪಲ್ಯಕ್ಕೇ ಇಷ್ಟು ಹೋಗ್ತದಾ?' ಅಂದರು. ನಾನು ಏನೂ ಹೇಳಲಿಲ್ಲ. ಒಂದನೇ ತಾರೀಖು ಐದು ಲೀಟರ್ ಕ್ಯಾನ್ ತಂದು, ಮುಚ್ಚಳದ ಮೇಲೆ ದಿನಾಂಕ ಬರೆದು, ಇದು ತಿಂಗಳು ಬರಬೇಕು ಅಂತ ಅಷ್ಟೇ ಒಪ್ಪಂದ. ಅಳೆಯುವುದು, ಕಾಯುವುದು, ಬೈಯುವುದು ಯಾವುದೂ ಇಲ್ಲ. ಅತ್ತೆಯವರನ್ನು ನಮ್ಮ ಕಡೆ ಮಾಡಿಕೊಳ್ಳಲು ಮೊದಲ ಭೇಟಿಯಲ್ಲಿ ಎರಡು ಪ್ರಶ್ನೆ ಕೇಳುತ್ತೇನೆ. ಅವು ನನ್ನ ಹತ್ತಿರವೇ ಇರಲಿ.

ಕಾಳನ್ನು ಒಂದೇ ಸಲ ಹನ್ನೆರಡು ಕೆಜಿಗೆ ಏರಿಸಲು ಹೋಗಬೇಡಿ, ಹೊಟ್ಟೆಯುಬ್ಬರ ಅಂತ ಎರಡನೇ ವಾರವೇ ಬಿಡುತ್ತಾರೆ. ಎಂಟು ಕೆಜಿ ಸಾಕು. ತಿಳಿಸಾರಿನ ಬದಲು ಮೊಳಕೆ ಹುರುಳಿಯ ಬಸ್ಸಾರು, ರೊಟ್ಟಿಗೆ ಹೆಸರುಕಾಳಿನ ಪಲ್ಯ, ತಿನ್ನುವವರಿಗೆ ಮೊಟ್ಟೆ. ಕಿಡ್ನಿ ತೊಂದರೆ ಇದ್ದವರಿಗೆ ಇದು ಬೇಡವೇ ಬೇಡ, ಅವರನ್ನು ಡಾಕ್ಟರ ಜೊತೆ ಮಾತಾಡಿಯೇ ನೋಡಬೇಕು. ಖರ್ಚಿನ ಮಾತು ಬಂದೇ ಬರುತ್ತದೆ. ಮೂರ್ನಾಲ್ಕು ಕೆಜಿ ಕಾಳಿಗೆ ಹೆಚ್ಚುಕಡಿಮೆ ನಾನೂರು ರೂಪಾಯಿ ಏರಿದರೆ, ಮೂರು ಲೀಟರ್ ಎಣ್ಣೆಯಲ್ಲಿ ಅಷ್ಟೇ ಇಳಿಯುತ್ತದೆ. ಲೆಕ್ಕ ಇಡುವ ಯಜಮಾನರು ಒಪ್ಪುವುದು ಇಲ್ಲೇ.

ಸಂಜೆಯ ಮಂಡಕ್ಕಿ-ಮಿರ್ಚಿ ಬಿಡಿಸಲು ಹೋದವರು ಯಾರೂ ಈ ಊರಲ್ಲಿ ಗೆದ್ದಿಲ್ಲ. ಮಂಡಕ್ಕಿ ಇರಲಿ ಅಂದೆ. ಈರುಳ್ಳಿ, ಟೊಮ್ಯಾಟೊ, ಶೇಂಗಾ, ಮೊಳಕೆಕಾಳು ಹೆಚ್ಚಾಗಲಿ, ಮಿರ್ಚಿ ಭಾನುವಾರಕ್ಕೆ ಹೋಗಲಿ. ಹತ್ತರಲ್ಲಿ ಆರೇಳು ಮನೆ ಇದನ್ನು ಉಳಿಸಿಕೊಂಡಿವೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮನೆಯಲ್ಲಿ ಗ್ಲುಕೋಮೀಟರ್ ಇದ್ದವರಿಗೆ ಮೊದಲು ಪಲ್ಯ ಮತ್ತು ಕಾಳು, ಆಮೇಲೆ ಅನ್ನ ಅಂತ ಊಟದ ಸರದಿ ಬದಲಿಸಿದೆ. ಊಟವಾಗಿ ಎರಡು ಗಂಟೆಗೆ ನೋಡಿದ ಶುಗರ್ ಬಹಳ ಜನಕ್ಕೆ ಇಪ್ಪತ್ತು ಮೂವತ್ತು ಪಾಯಿಂಟ್ ಇಳಿಯಿತು. ಫ್ರಿಜ್ಜಿನಲ್ಲಿಟ್ಟ ಅನ್ನ ಬಿಸಿಮಾಡಿ ತಿಂದರೆ ಒಳ್ಳೆಯದು ಅನ್ನುತ್ತಾರಲ್ಲ, ನನ್ನವರ ಮೀಟರಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರಾಗಿ ಒಳ್ಳೆಯದೆಂದು ಬೆಳಿಗ್ಗೆ ಬರೀ ಮಾಲ್ಟ್ ಕುಡಿಯುತ್ತಿದ್ದವರಿಗೆ ಶುಗರ್ ಏರುತ್ತಿತ್ತು. ಅದೇ ರಾಗಿ ಮುದ್ದೆಯಾಗಿ ಕಾಳಿನ ಸಾರಿನ ಜೊತೆ ಹೋದರೆ ಅಷ್ಟಿಲ್ಲ. ರಾಗಿಯ ಕ್ಯಾಲ್ಸಿಯಂ ಎರಡರಲ್ಲೂ ಸಿಗುತ್ತದೆ, ಹಾಗಾಗಿ ನಾನು ಮುದ್ದೆಯ ಪಕ್ಷ.

ಅಕ್ಕಿ ವ್ಯಾಪಾರದ ಒಬ್ಬರದು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಎಂಟೂವರೆ ಮೇಲಿದ್ದದ್ದು ಆರು ತಿಂಗಳಲ್ಲಿ ಏಳರ ಆಸುಪಾಸಿಗೆ ಬಂತು, ಅದೇ ಮಾತ್ರೆಯಲ್ಲಿ. ಅನ್ನ ಬಿಡಿಸಿರಲಿಲ್ಲ. ಚಾರ್ಟಿಲ್ಲದೆ ಆಗಲ್ಲ ಅಂದಿದ್ದವರಲ್ಲಿ ಇಬ್ಬರು ಈಗ ನನ್ನ ಚೀಟಿಯ ನಮೂನೆ ಕೇಳಿ ಪಡೆದಿದ್ದಾರೆ.

ಸಿಕ್ಕಿಬಿದ್ದಿರುವುದು ಪಿಜಿ ಹುಡುಗರ ವಿಷಯದಲ್ಲಿ. ಅವರಿಗೆ ಚೀಟಿಯೇ ಇಲ್ಲ, ಮೆಸ್ಸಿನವರು ಕೊಟ್ಟದ್ದೇ ಊಟ. ಹಾಗಾಗಿ ಒಬ್ಬ ಮೆಸ್ ಮಾಲೀಕರ ಹತ್ತಿರ ಅವರದೇ ದಿನಸಿ ಚೀಟಿ ಕೇಳಿದ್ದೇನೆ. ಮುಂದಿನ ತಿಂಗಳದ್ದು ಕೊಡುತ್ತೇನೆ ಅಂದಿದ್ದಾರೆ.